ಹೊಸ ಬಣ್ಣದ ಹಳೆಯ ಬೈಕು

ಕೇಳುಗರಿಗೆ ನಮಸ್ಕಾರ. ಬಿದ್ದೆದ್ದ ಹಳೆಯ ಬೈಕನ್ನು ಕೊಳ್ಳುವ ಮೊದಲು ಏನೇನು ನೋಡಬೇಕು ಎಂಬುದು ಇವತ್ತಿನ ಮಾತು.

ಮೆಕ್ಕೆಜೋಳದ ಕಟಾವು ಮುಗಿಯುತ್ತಿದ್ದಂತೆ ದಾವಣಗೆರೆ, ಜಗಳೂರು, ಹೊಳಲ್ಕೆರೆ ಕಡೆ ಅರ್ಧ ರಸ್ತೆ ಕಣವಾಗಿಬಿಡುತ್ತದೆ. ಡಾಂಬರಿನ ಮೇಲೆ ಹರಡಿದ ಕಾಳಿನ ಮೇಲೆ ಬ್ರೇಕ್ ಒತ್ತಿದರೆ ಬೈಕು ಪಕ್ಕಕ್ಕೆ ಮಲಗುತ್ತದೆ. ಸವಾರನ ಮೊಣಕಾಲು ತರಚುತ್ತದೆ, ಗಾಡಿಯ ಲಿವರ್ ಮುರಿಯುತ್ತದೆ. ಹೆದ್ದಾರಿಯ ಅಪಘಾತ ಬೇರೆಯೇ ಜಾತಿಯದು. ಹಿರಿಯೂರಿನಿಂದ ಹರಿಹರದತ್ತ ಸಾಗುವ 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ, ರಾತ್ರಿ ದೀಪವಿಲ್ಲದೆ ನಿಂತ ಲಾರಿಯ ಬೆನ್ನಿಗೆ ಬೈಕು ನೇರವಾಗಿ ಗುದ್ದುತ್ತದೆ. ಈ ಎರಡೂ ಗಾಡಿಗಳು ದುರಸ್ತಿಯಾಗಿ, ಬಣ್ಣ ಬಳಿಸಿಕೊಂಡು ಮಾರಾಟಕ್ಕೆ ಅಕ್ಕಪಕ್ಕದಲ್ಲೇ ನಿಲ್ಲುತ್ತವೆ. ಎರಡರ ಬಗ್ಗೆಯೂ ಮಾರುವವರ ಮಾತು ಒಂದೇ: “ಒಮ್ಮೆ ಸುಮ್ಮನೆ ಜಾರಿ ಬಿದ್ದಿತ್ತು ಅಷ್ಟೇ, ಸಾರ್.”

ಬಿದ್ದ ಗಾಡಿಯನ್ನು ಮುಟ್ಟಲೇಬೇಡಿ ಎನ್ನುವವನು ನಾನಲ್ಲ. ಪಕ್ಕಕ್ಕೆ ಬಿದ್ದ ಗಾಡಿಯಲ್ಲಿ ಹಾಳಾಗುವುದೆಲ್ಲ ಬೋಲ್ಟು ಬಿಚ್ಚಿ ಬದಲಿಸುವ ಸಾಮಾನು: ಕನ್ನಡಿ, ಇಂಡಿಕೇಟರ್, ಲಿವರ್, ಫುಟ್‌ರೆಸ್ಟ್, ಲೆಗ್ ಗಾರ್ಡ್. ಎದುರಿಗೆ ಗುದ್ದಿದ ಗಾಡಿಯಲ್ಲಿ ಪೆಟ್ಟು ಮುಂದಿನ ಚಕ್ರದಿಂದ ಅದನ್ನು ಹಿಡಿದಿರುವ ಜೋಡಿ ಕೋಲುಗಳಾದ ಫೋರ್ಕಿಗೆ, ಫೋರ್ಕಿನಿಂದ ಗಾಡಿಯ ಎಲುಬುಗೂಡಾದ ಚಾಸಿಗೆ ಇಳಿಯುತ್ತದೆ. ನೀವು ಪತ್ತೆ ಮಾಡಬೇಕಾದದ್ದು ಇದು ಯಾವ ಬಗೆಯ ಪೆಟ್ಟು ಎಂಬುದನ್ನು. ಗೀರುಗಳನ್ನು ಹಾಗೆಯೇ ಉಳಿಸಿಕೊಂಡ ಗಾಡಿ ನನಗೆ ಹೆಚ್ಚು ಇಷ್ಟ. ಹ್ಯಾಂಡಲಿನ ತುದಿ, ಫುಟ್‌ರೆಸ್ಟ್, ಸೈಲೆನ್ಸರ್ ಮೂರೂ ಒಂದೇ ಬದಿಯಲ್ಲಿ ಉಜ್ಜಿದ್ದರೆ ಕಥೆ ಸ್ಪಷ್ಟ. ನಾಲ್ಕು ವರ್ಷದ ಗಾಡಿಗೆ ಹೊಚ್ಚ ಹೊಸ ಮಡ್‌ಗಾರ್ಡ್, ಹೊಸ ಹೆಡ್‌ಲೈಟ್, ಹೊಸ ಫೋರ್ಕ್ ಇದ್ದು, ಹಿಂಭಾಗ ಮಾತ್ರ ಹಳೆಯದಾಗಿದ್ದರೆ ಅಲ್ಲಿ ಅನುಮಾನಕ್ಕೆ ಕೆಲಸವಿದೆ.

ಮೊದಲು ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ. ಹ್ಯಾಂಡಲ್ ಅತಿಯಾಗಿ ತಿರುಗದಂತೆ ತಡೆಯುವ ಪುಟ್ಟ ಕಬ್ಬಿಣದ ಗುಬುಟು ಕೆಳಗಿರುತ್ತದೆ. ದೊಡ್ಡ ಪೆಟ್ಟಿಗೆ ಅದು ಜಜ್ಜಿಹೋಗಿರುತ್ತದೆ ಅಥವಾ ಮುರಿದಿರುತ್ತದೆ. ಹಾಗಾದಾಗ ಹ್ಯಾಂಡಲ್ ಹೋಗಿ ಪೆಟ್ರೋಲ್ ಟ್ಯಾಂಕಿಗೆ ಬಡಿದು, ಅದರ ಮುಂಭಾಗದಲ್ಲಿ ತಗ್ಗು ಬಿದ್ದಿರುತ್ತದೆ. ಬಣ್ಣದ ಅಂಗಡಿಯವರು ತಗ್ಗನ್ನು ಲಪ್ಪ, ಅಂದರೆ ಪುಟ್ಟಿ, ತುಂಬಿ ಮುಚ್ಚುತ್ತಾರೆ. ಸಣ್ಣ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಟ್ಯಾಂಕಿನ ಮೇಲೆ ಆಡಿಸಿ. ಲಪ್ಪ ಇರುವಲ್ಲಿ ಅದರ ಹಿಡಿತ ಸಡಿಲವಾಗುತ್ತದೆ. ಗುಬುಟನ್ನು ನೋಡಲು ಮಾತ್ರ ಯಾರೂ ಬಗ್ಗುವುದಿಲ್ಲ ಎಂಬ ಧೈರ್ಯದಿಂದ ಅದನ್ನು ಹಾಗೆಯೇ ಬಿಟ್ಟಿರುತ್ತಾರೆ. ನೀವು ಬಗ್ಗಿ ನೋಡಿ.

ಬಳಿಕ ಗಾಡಿಯನ್ನು ನಡುಸ್ಟ್ಯಾಂಡಿಗೆ ಹಾಕಿ, ಹಿಂದೆ ಒಬ್ಬರನ್ನು ಕೂರಿಸಿ ಮುಂದಿನ ಚಕ್ರವನ್ನು ನೆಲದಿಂದ ಮೇಲೆತ್ತಿ. ಹ್ಯಾಂಡಲನ್ನು ಎರಡು ಬೆರಳಿನಲ್ಲಿ ನಿಧಾನವಾಗಿ ತಿರುಗಿಸಿದಾಗ, ನೇರ ಬಂದ ಕಡೆ ‘ಟಕ್’ ಎಂದು ಕೂತರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗಲು ಇರುವ ಬೇರಿಂಗ್, ಗುಳಿಬಿದ್ದಿದೆ. ಬರಿಯ ಸವೆತದಿಂದಲೂ ಹಾಗಾಗುತ್ತದೆ, ಗುದ್ದಿದರೂ ಆಗುತ್ತದೆ. ಕೋನ್ ಸೆಟ್ ಬದಲಿಸುವುದು ದೊಡ್ಡ ಖರ್ಚಲ್ಲ. ಗುದ್ದಿದ್ದೇ ಕಾರಣವಾಗಿದ್ದರೆ ಅದು ಕೂತಿರುವ ಚಾಸಿಯ ಕೊರಳು ಏನಾಗಿದೆ ಎಂಬುದೇ ದೊಡ್ಡ ಪ್ರಶ್ನೆ. ಸೀಟು, ಟ್ಯಾಂಕು ಬಿಚ್ಚಿಸಿ ನೋಡಿ. ಕೊರಳಿನಿಂದ ಕೆಳಗಿಳಿಯುವ ಪೈಪಿನಲ್ಲಿ ಬಣ್ಣ ಬಿರಿದಿದೆಯೇ, ಲೋಹ ಸುಕ್ಕುಗಟ್ಟಿದೆಯೇ, ವೆಲ್ಡಿಂಗ್ ಹೊಸತಾಗಿ ಹೊಳೆಯುತ್ತಿದೆಯೇ ಗಮನಿಸಿ. ಎಷ್ಟೋ ಮಾದರಿಗಳಲ್ಲಿ ಚಾಸಿ ನಂಬರನ್ನು ಈ ಕೊರಳಿನ ಮೇಲೆಯೇ ಕೊರೆದಿರುತ್ತಾರೆ. ಆ ಅಂಕಿಗಳ ಸುತ್ತ ಉಜ್ಜಿದ ಅಥವಾ ಬೆಸೆದ ಗುರುತು ಕಂಡರೆ ಬೆಲೆ ಕೇಳುವ ಗೋಜಿಗೇ ಹೋಗಬೇಡಿ. ಟ್ಯಾಂಕು ಬಿಚ್ಚಲು ಮಾರುವವರು ಒಪ್ಪದಿದ್ದರೂ ಅಷ್ಟೇ.

ಎರಡು ಚಕ್ರ ಒಂದೇ ಗೆರೆಯಲ್ಲಿವೆಯೇ ಎಂದು ತಿಳಿಯಲು ಒಂದು ದಾರ ಸಾಕು. ಹಿಂದಿನ ಟೈರಿನ ಹಿಂಬದಿಗೆ ದಾರ ಸುತ್ತಿ, ಎರಡೂ ತುದಿಗಳನ್ನು ನೆಲದಿಂದ ಸ್ವಲ್ಪ ಎತ್ತರದಲ್ಲಿ ಮುಂದಿನ ಚಕ್ರದವರೆಗೆ ಬಿಗಿಯಾಗಿ ಎಳೆಯಿರಿ. ದಾರ ಸ್ಟ್ಯಾಂಡಿಗೆ ತಾಗಬಾರದು, ಹಿಂದಿನ ಟೈರಿನ ಮುಂಬದಿಗೆ ಮಾತ್ರ ಹಗುರಾಗಿ ತಾಗಬೇಕು. ಮುಂದಿನ ಟೈರು ಸಾಮಾನ್ಯವಾಗಿ ಕಿರಿದು, ಹಾಗಾಗಿ ಅದರ ಎರಡೂ ಬದಿಗೆ ಸಂದು ಉಳಿಯುತ್ತದೆ. ಆ ಸಂದು ಎರಡೂ ಕಡೆ ಸಮನಾಗಿರಬೇಕು. ಸಮನಿಲ್ಲದಿದ್ದರೆ ಮೊದಲು ಚೈನ್ ಬಿಗಿ ಮಾಡುವಾಗ ಹಿಂದಿನ ಚಕ್ರವನ್ನು ಸೊಟ್ಟಗೆ ಕೂರಿಸಿದ್ದಾರೆಯೇ ನೋಡಿ. ಅದು ಸರಿಯಿದ್ದೂ ವ್ಯತ್ಯಾಸ ಉಳಿದರೆ ಫೋರ್ಕೋ ಚಾಸಿಯೋ ಬಾಗಿದೆ. ಅದೇ ಮಾದರಿಯ ಬೈಕು ನೆರೆಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು. ಮುಂದಿನ ಚಕ್ರಕ್ಕೂ ಇಂಜಿನ್ನಿಗೂ ನಡುವಿನ ಅಂತರವನ್ನು ಎರಡರಲ್ಲೂ ಅಳೆಯಿರಿ. ಗುದ್ದಿದ ಗಾಡಿಯಲ್ಲಿ ಚಕ್ರ ಹಿಂದಕ್ಕೆ ಸರಿದಿರುತ್ತದೆ.

ಓಡಿಸಿ ನೋಡುವಾಗ ಹೆಲ್ಮೆಟ್ ಇರಲಿ, ವಿಮೆ ಚಾಲ್ತಿಯಲ್ಲಿರಲಿ. ಖಾಲಿ, ನೇರ ರಸ್ತೆಯಲ್ಲಿ ನಿಧಾನವಾಗಿ ಹೋಗುತ್ತ ಹ್ಯಾಂಡಲ್ ಹಿಡಿತವನ್ನು ಸಡಿಲಿಸಿ, ಕೈ ಬಿಡಬೇಡಿ. ಗಾಡಿ ಒಂದೇ ಕಡೆಗೆ ಎಳೆಯುತ್ತದೆಯೇ ತಿಳಿಯುತ್ತದೆ. ನಮ್ಮ ರಸ್ತೆಗಳು ನೀರು ಹರಿಯಲೆಂದು ಅಂಚಿನತ್ತ ಇಳಿಜಾರಾಗಿರುವುದರಿಂದ ಒಳ್ಳೆಯ ಗಾಡಿಯೂ ತುಸು ಎಡಕ್ಕೆ ವಾಲುತ್ತದೆ. ಚಿತ್ರದುರ್ಗದಲ್ಲಿ ಗಾಳಿಯಂತ್ರಗಳು ಬಿರುಸಾಗಿ ತಿರುಗುತ್ತಿರುವ ದಿನ ಈ ಪರೀಕ್ಷೆ ಬೇಡವೇ ಬೇಡ. 2019ರ ಏಪ್ರಿಲ್ ಬಳಿಕ 125 ಸಿಸಿಗಿಂತ ಹೆಚ್ಚಿನ ಹೊಸ ಬೈಕುಗಳಿಗೆ ಎಬಿಎಸ್, ಅಂದರೆ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ವ್ಯವಸ್ಥೆ, ಕಡ್ಡಾಯವಾಯಿತು. ಅಂಥ ಗಾಡಿಯಲ್ಲಿ ಕೀಲಿ ತಿರುಗಿಸಿದಾಗ ಎಬಿಎಸ್ ದೀಪ ಹೊತ್ತಿ, ಗಾಡಿ ಚಲಿಸಿದ ಮೇಲೆ ಆರಬೇಕು. ಹೊತ್ತಲೇ ಇಲ್ಲವೆಂದರೆ ದೋಷ ಕಾಣದಿರಲೆಂದು ಯಾರೋ ದೀಪವನ್ನೇ ಕಿತ್ತಿರಬಹುದು.

ಇನ್ನು ಕಾಗದಪತ್ರ. ದುರಸ್ತಿ ವೆಚ್ಚ ವಿಮಾ ಮೌಲ್ಯದ, ಅಂದರೆ ಐಡಿವಿಯ, ಶೇಕಡಾ 75ನ್ನು ಮೀರಿದರೆ ವಿಮಾ ಕಂಪನಿ ಗಾಡಿಯನ್ನು ಪೂರ್ಣ ನಷ್ಟವೆಂದು ಲೆಕ್ಕ ಹಾಕುತ್ತದೆ. ಹಾಗೆ ಗುಜರಿಗೆ ಹೋದ ಗಾಡಿಗಳೂ ಮತ್ತೆ ಎದ್ದು ಬರುವುದುಂಟು. ಹಳೆಯ ಪಾಲಿಸಿ ಕೇಳಿ ಪಡೆದು ನೋ ಕ್ಲೇಮ್ ಬೋನಸ್, ಅಂದರೆ ವಿಮಾ ಪರಿಹಾರ ಕೇಳದವರಿಗೆ ಕಂತಿನಲ್ಲಿ ಸಿಗುವ ರಿಯಾಯಿತಿ, ನೋಡಿ. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ ಶೇಕಡಾ 20ರಿಂದ ಶುರುವಾಗಿ ಅದು 50ರವರೆಗೆ ಏರುತ್ತದೆ. ಒಬ್ಬರೇ ಮಾಲೀಕರು, ಪ್ರತಿ ವರ್ಷ ಪೂರ್ಣ ವಿಮೆ, ಆದರೂ ಬೋನಸ್ ಸೊನ್ನೆ ಎಂದಾದರೆ ಹಿಂದಿನ ವರ್ಷ ಕ್ಲೇಮ್ ಯಾತಕ್ಕೆ ಆಯಿತು ಎಂದು ಕೇಳುವ ಹಕ್ಕು ನಿಮಗಿದೆ. ಅಪಘಾತದಲ್ಲಿ ಯಾರಿಗಾದರೂ ಗಾಯವಾಗಿತ್ತೇ, ಪೊಲೀಸ್ ಪ್ರಕರಣ ದಾಖಲಾಗಿತ್ತೇ ಎಂದೂ ವಿಚಾರಿಸಿ. ಮೊಕದ್ದಮೆ ಮುಗಿಯುವ ಮೊದಲು ನ್ಯಾಯಾಲಯ ಗಾಡಿಯನ್ನು ಬಾಂಡ್ ಬರೆಸಿಕೊಂಡು ಬಿಡುವಾಗ, ಮಾರಬಾರದೆಂಬ ಷರತ್ತು ಹಾಕುವುದುಂಟು.

ಬೆಲೆಯ ಮಾತಿಗೆ ಬಂದರೆ, ಬಾಕಿ ಇರುವ ಕೆಲಸಕ್ಕೆ ನಿಮ್ಮ ಮೆಕ್ಯಾನಿಕ್ಕಿನಿಂದ ಸಾಮಾನು ಮತ್ತು ಕೂಲಿ ಸೇರಿಸಿ ಲೆಕ್ಕ ಬರೆಸಿಕೊಳ್ಳಿ. ಅದೇ ವರ್ಷದ, ಬೀಳದ ಗಾಡಿಯ ಬೆಲೆಯಲ್ಲಿ ಆ ಮೊತ್ತವನ್ನು ಕಳೆದು, ಬಿಚ್ಚಿದ ಮೇಲೆ ಹೊರಬೀಳುವ ಖರ್ಚಿಗೆಂದು ಇನ್ನಷ್ಟು ಕಳೆಯಿರಿ. ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಳ್ಳಿ. ಸಾಲದ ಗಾಡಿಯಾದರೆ ಸಾಲದ ನಮೂದು ತೆಗೆಸುವ ಫಾರಂ 35 ಮತ್ತು ಬ್ಯಾಂಕಿನ ನಿರಾಕ್ಷೇಪಣಾ ಪತ್ರವೂ ಬೇಕು. ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು 14 ದಿನಗಳೊಳಗೆ ಅರ್ಜಿ ಕೊಡಿ. ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ಒಂದಿಷ್ಟು ಹಣವನ್ನು ಮಾತಾಡಿಕೊಂಡು ತಡೆಹಿಡಿದರೆ, ಆರ್‌ಟಿಒ ಕಚೇರಿಗೆ ಮಾರಿದವರೂ ಉತ್ಸಾಹದಿಂದ ಬರುತ್ತಾರೆ.

ನಮಸ್ಕಾರ.