ಬೆಂಗಳೂರಿನಲ್ಲಿ ಹಳೆಯ ಡೀಸೆಲ್ ಕಾರು: ಕೊಳ್ಳುವ ಮುನ್ನ ಒಂದು ಲೆಕ್ಕ

[ದೃಶ್ಯ: ರಸ್ತೆ ಬದಿಯ ಶೋರೂಮಿನಲ್ಲಿ ಸಾಲಾಗಿ ನಿಂತಿರುವ ಸೆಕೆಂಡ್ ಹ್ಯಾಂಡ್ ಕಾರುಗಳು]

ನಮಸ್ಕಾರ. ಹತ್ತು ವರ್ಷ ಹಳೆಯ ಡೀಸೆಲ್ ಕಾರನ್ನು ತೋರಿಸುವ ಯಾವ ಮಾರಾಟಗಾರರೂ ಮೊದಲು ಹೇಳುವ ಮಾತು ಮೈಲೇಜಿನದ್ದೇ ಆಗಿರುತ್ತದೆ. ಆ ಮಾತು ಸುಳ್ಳಲ್ಲ, ಆದರೆ ಅದು ಬೇರೊಂದು ಕಾಲದಲ್ಲಿ ಹುಟ್ಟಿದ ಮಾತು. 2012ರ ಹೊತ್ತಿಗೆ ಪೆಟ್ರೋಲ್ ಮತ್ತು ಡೀಸೆಲ್ ನಡುವೆ ಲೀಟರಿಗೆ 30 ರೂಪಾಯಿಯಷ್ಟು ಅಂತರವಿತ್ತು. 2014ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಡೀಸೆಲ್ ಬೆಲೆಯ ಮೇಲಿನ ನಿಯಂತ್ರಣವನ್ನು ತೆಗೆದುಹಾಕಿತು. ರಾಜ್ಯದ ಮಾರಾಟ ತೆರಿಗೆಯೂ ಏರಿತು. 2025ರ ಏಪ್ರಿಲ್‌ನ ಏರಿಕೆಯ ನಂತರ ಬೆಂಗಳೂರಿನಲ್ಲಿ ಪೆಟ್ರೋಲ್ ಸುಮಾರು 103 ರೂಪಾಯಿ, ಡೀಸೆಲ್ ಸುಮಾರು 91 ರೂಪಾಯಿ, ಅಂದರೆ ಅಂತರ 12 ರೂಪಾಯಿಗೆ ಇಳಿದಿತ್ತು.

[ಪರದೆಯ ಮೇಲೆ ಲೆಕ್ಕ]

ಈ ದರವನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ. ನಗರದ ಟ್ರಾಫಿಕ್‌ನಲ್ಲಿ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಲೀಟರಿಗೆ 13 ಕಿಲೋಮೀಟರ್, ಅದೇ ಗಾತ್ರದ ಡೀಸೆಲ್ ಕಾರು 17 ಕಿಲೋಮೀಟರ್ ಕೊಡುತ್ತದೆ ಎಂದುಕೊಂಡರೆ, ಪ್ರತಿ ಕಿಲೋಮೀಟರಿಗೆ ಉಳಿಯುವುದು ಸುಮಾರು 2 ರೂಪಾಯಿ 55 ಪೈಸೆ. ತಿಂಗಳಿಗೆ 600 ಕಿಲೋಮೀಟರ್ ಓಡಿಸುವವರಿಗೆ ವರ್ಷಕ್ಕೆ 18 ಸಾವಿರ ರೂಪಾಯಿ ಉಳಿದಂತಾಯಿತು. ಹೆದ್ದಾರಿಯಲ್ಲಿ ಪೆಟ್ರೋಲ್ ಕಾರು 18, ಡೀಸೆಲ್ ಕಾರು 23 ಕೊಟ್ಟರೆ ಉಳಿತಾಯ ಕಿಲೋಮೀಟರಿಗೆ 1 ರೂಪಾಯಿ 75 ಪೈಸೆಗೆ ಇಳಿಯುತ್ತದೆ. ಹಾಗಾಗಿ ಕಾಗದದ ಮೇಲೆ ಡೀಸೆಲ್ ಕಾರು ಹೆಚ್ಚು ಉಳಿಸುವುದು ನಗರದಲ್ಲಿಯೇ, ಮತ್ತು ಹಳೆಯ ಡೀಸೆಲ್ ಎಂಜಿನ್ ಹೆಚ್ಚು ಹಾಳಾಗುವುದೂ ನಗರದಲ್ಲಿಯೇ. ಈ ವಿರೋಧವನ್ನು ಬಹಳಷ್ಟು ಜನ ಗಮನಿಸುವುದಿಲ್ಲ.

ಬಸವನಗುಡಿಯಿಂದ ಜಯನಗರಕ್ಕೆ ಹೋಗಿ ಬರುವಷ್ಟರಲ್ಲಿ ಡೀಸೆಲ್ ಎಂಜಿನ್ ಸರಿಯಾಗಿ ಬಿಸಿಯೇ ಆಗಿರುವುದಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಂಥ ಕಡೆ ಮೊದಲ ಗೇರಿನಲ್ಲಿ ತೆವಳುವಾಗ ಮಸಿ ಹೆಚ್ಚು ಹುಟ್ಟಿ, ಹೊಗೆಯ ಒಂದು ಭಾಗವನ್ನು ಮತ್ತೆ ಎಂಜಿನ್ನಿಗೆ ತಿರುಗಿಸುವ ಇಜಿಆರ್ ವಾಲ್ವ್‌ನಲ್ಲಿ ಮತ್ತು ಗಾಳಿಯ ದಾರಿಯಲ್ಲಿ ಟಾರಿನಂತೆ ಅಂಟಿಕೊಳ್ಳುತ್ತದೆ. 2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆಯ ಹೊಸ ಮಿತಿಯನ್ನು ಪಾಲಿಸುವ) ಡೀಸೆಲ್ ಕಾರುಗಳಲ್ಲಿ ಇದರ ಜೊತೆಗೆ ಡಿಪಿಎಫ್ ಎಂಬ ಮಸಿ ಹಿಡಿಯುವ ಫಿಲ್ಟರ್ ಕೂಡ ಇರುವುದರಿಂದ, ಅದರಲ್ಲಿ ಸೇರಿದ ಮಸಿ ಸುಟ್ಟುಹೋಗಲು ಆಗಾಗ ನಿಲ್ಲದ ಓಟ ಬೇಕೇ ಬೇಕು. ಕಚೇರಿಗೆ ಹತ್ತು ಕಿಲೋಮೀಟರ್ ಓಡಿಸುವವರು ಇಂಥ ಕಾರನ್ನು ಕೊಳ್ಳಬಾರದು ಎಂದೇ ನನ್ನ ಅಭಿಪ್ರಾಯ. ಹಳೆಯ ಕಾರಿನಲ್ಲಿ ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಲ್ಕೂ ಇಂಜೆಕ್ಟರ್‌ಗಳನ್ನು ಹೊಸದಾಗಿ ಹಾಕಿಸುವ ಸಂದರ್ಭ ಬಂದರೆ, ಮೇಲೆ ಹೇಳಿದ 18 ಸಾವಿರ ಅಲ್ಲಿಗೇ ಮುಗಿದು ಮುಂದಿನ ವರ್ಷದ ಉಳಿತಾಯಕ್ಕೂ ಕೈ ಬೀಳುತ್ತದೆ. ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಮತ್ತು ಕ್ಲಚ್‌ನ ಖರ್ಚು ಬೇರೆ.

[ದೃಶ್ಯ: ಬಾನೆಟ್ ತೆರೆದ ಕಾರು, ಎಂಜಿನ್ನಿನ ಸಮೀಪದ ನೋಟ]

ಅಷ್ಟಾದರೂ ಡೀಸೆಲ್ಲೇ ಬೇಕೆನ್ನುವವರು ಕಾರನ್ನು ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗಲೇ ನೋಡಬೇಕು. ನೀವು ಹೋಗುವಷ್ಟರಲ್ಲಿ ಬಾನೆಟ್ ಬಿಸಿಯಾಗಿದ್ದರೆ ಇನ್ನೊಂದು ದಿನ ಬರುತ್ತೇನೆಂದು ಹೇಳಿ ಹೊರಡಿ. ತಣ್ಣನೆಯ ಎಂಜಿನ್ ಹೆಚ್ಚು ತಿಣುಕದೆ ಸ್ಟಾರ್ಟ್ ಆಗಬೇಕು. ನಿಲ್ಲದೆ ಬರುವ ನೀಲಿ ಹೊಗೆ ಆಯಿಲ್ ಸುಡುತ್ತಿರುವುದನ್ನು ಹೇಳುತ್ತದೆ. ಆಕ್ಸಿಲರೇಟರ್ ಒತ್ತಿದಾಗ ದಟ್ಟವಾದ ಕಪ್ಪು ಹೊಗೆ ಬಂದರೆ ಇಂಜೆಕ್ಟರ್, ಟರ್ಬೊ ಅಥವಾ ಗಾಳಿಯ ದಾರಿಯನ್ನು ಅನುಮಾನಿಸಬೇಕು. ನಂತರ ಎಂಜಿನ್ ಓಡುತ್ತಿರುವಾಗಲೇ ಆಯಿಲ್ ತುಂಬುವ ಮುಚ್ಚಳವನ್ನು ಬಿಚ್ಚಿ ಅದೇ ಜಾಗದ ಮೇಲೆ ಸಡಿಲವಾಗಿ ಇಡಿ. ತುಸು ಅಲುಗಾಡಿದರೆ ಚಿಂತೆಯಿಲ್ಲ, ಕುಣಿದು ಹಾರಿಬಿದ್ದರೆ ಪಿಸ್ಟನ್ ರಿಂಗುಗಳು ಸವೆದಿವೆ ಎಂದೇ ತಿಳಿಯಬೇಕು. ಒಳ್ಳೆಯ ಡೀಸೆಲ್ ಮೆಕ್ಯಾನಿಕ್ ಇದ್ದರೆ ಲೀಕ್ ಆಫ್ ಪರೀಕ್ಷೆ ಮಾಡಿಸಿ. ಪ್ರತಿ ಇಂಜೆಕ್ಟರಿನ ಹಿಂದಿರುಗುವ ಪೈಪಿಗೆ ಒಂದೊಂದು ಪುಟ್ಟ ಬಾಟಲಿ ಕಟ್ಟಿ ಎಂಜಿನ್ ಓಡಿಸಿದಾಗ, ಯಾವ ಬಾಟಲಿ ಉಳಿದವಕ್ಕಿಂತ ಬೇಗ ತುಂಬುತ್ತದೋ ಆ ಇಂಜೆಕ್ಟರಿಗೆ ಕೊನೆಗಾಲ ಬಂದಿದೆ.

ಎಂಜಿನ್ ಯಾವುದೆಂಬುದೂ ಮುಖ್ಯ. ಹಳೆಯ ಸ್ವಿಫ್ಟ್, ಡಿಸೈರ್, ಇಂಡಿಕಾ ವಿಸ್ಟಾ ಮುಂತಾದವುಗಳಲ್ಲಿದ್ದ ಫಿಯೆಟ್ ಮೂಲದ 1248 ಸಿಸಿ ಎಂಜಿನ್ನಿನಲ್ಲಿ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಟೈಮಿಂಗ್ ಚೈನ್ ಇದೆ, ಬಿಡಿಭಾಗಗಳೂ ಜೆ.ಸಿ. ರಸ್ತೆಯಲ್ಲಿ ಸಲೀಸಾಗಿ ದೊರೆಯುತ್ತವೆ. ಮಾರುತಿ 2020ರ ಏಪ್ರಿಲ್‌ನಲ್ಲಿ ಡೀಸೆಲ್ ಕಾರುಗಳನ್ನು ನಿಲ್ಲಿಸಿದರೂ ಈ ಎಂಜಿನ್ ಬಲ್ಲ ಮೆಕ್ಯಾನಿಕ್‌ಗಳಿಗೆ ಬರವಿಲ್ಲ. ಡಸ್ಟರ್‌ನ 1.5 ಲೀಟರ್ ಡೀಸೆಲ್‌ನಲ್ಲಿ ಅದರ ಜಾಗದಲ್ಲಿರುವುದು ಕಾಲಕಾಲಕ್ಕೆ ಬದಲಿಸಬೇಕಾದ ಬೆಲ್ಟ್. ಅದನ್ನು ಬದಲಿಸಿದ ಬಿಲ್ಲು ಕಾಣದಿದ್ದರೆ ಆ ಖರ್ಚನ್ನು ಬೆಲೆಯಲ್ಲಿ ಕಡಿತ ಮಾಡಿಸಿ.

ಪೆಟ್ರೋಲ್ ಕಾರುಗಳು ದೋಷರಹಿತವೆಂದೇನೂ ಅಲ್ಲ. ಈಗ ಬಂಕಿನಲ್ಲಿ ಸಿಗುವುದು ಶೇಕಡ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಹಳೆಯ ವಿನ್ಯಾಸದ ಕಾರುಗಳಲ್ಲಿ ಇದರಿಂದ ಇಂಧನ ಕ್ಷಮತೆ ಶೇಕಡ 6ರಿಂದ 7ರಷ್ಟು ಕುಗ್ಗಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ನಮ್ಮ ಲೆಕ್ಕದ 13 ಕಿಲೋಮೀಟರ್ 12ಕ್ಕೆ ಇಳಿದರೆ ಡೀಸೆಲ್‌ನ ಉಳಿತಾಯ ಕಿಲೋಮೀಟರಿಗೆ 3 ರೂಪಾಯಿ ದಾಟುತ್ತದೆ. ಹೀಗಿದ್ದರೂ ತಿಂಗಳಿಗೆ 600 ಕಿಲೋಮೀಟರಿನವರಿಗೆ ಪೆಟ್ರೋಲೇ ಸರಿ, ಏಕೆಂದರೆ ಇಲ್ಲಿ ಖರ್ಚು ತಿಂಗಳು ತಿಂಗಳು ಸಣ್ಣದಾಗಿ ಬರುತ್ತದೆ, ಒಂದೇ ಸಲ ಅರ್ಧ ಲಕ್ಷದ ಬಿಲ್ಲಾಗಿ ಬಂದು ಕೂರುವುದು ಅಪರೂಪ.

ಡೀಸೆಲ್ ಯಾರಿಗೆ ಒಪ್ಪುತ್ತದೆ? ನಗರದಲ್ಲಿ ತಿಂಗಳಿಗೆ 500 ಕಿಲೋಮೀಟರ್ ಓಡಿಸಿ, ಹಾಸನಕ್ಕೋ ಶಿವಮೊಗ್ಗಕ್ಕೋ ಹೋಗಿ ಬರುತ್ತ ಹೆದ್ದಾರಿಯಲ್ಲಿ ಇನ್ನೂ ಸಾವಿರ ಕಿಲೋಮೀಟರ್ ಸೇರಿಸುವವರಿಗೆ ವರ್ಷಕ್ಕೆ 36 ಸಾವಿರ ಉಳಿಯುತ್ತದೆ, ಎಂಜಿನ್ನಿಗೂ ಬೇಕಾದ ಓಟ ಸಿಗುತ್ತದೆ. ಅಂಥವರು ನೋಂದಣಿಯ ಅವಧಿಯನ್ನು ಮಾತ್ರ ಮರೆಯಬಾರದು. 2014ರ ಕಾರಿನ ಹದಿನೈದು ವರ್ಷ 2029ಕ್ಕೆ ಮುಗಿಯುತ್ತದೆ. ಆಮೇಲೆ ಫಿಟ್‌ನೆಸ್ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಹತ್ತು ವರ್ಷ ದಾಟಿದ ಡೀಸೆಲ್ ಕಾರುಗಳ ಮೇಲೆ ದೆಹಲಿಯಲ್ಲಿ ಹೇರಿದ್ದಂಥ ನಿರ್ಬಂಧ ಕರ್ನಾಟಕದಲ್ಲಿಲ್ಲ, ಅದಕ್ಕಾಗಿಯೇ ದೆಹಲಿಯ ಕಾರುಗಳು ಕಡಿಮೆ ಬೆಲೆಗೆ ಇಲ್ಲಿಗೆ ಬಂದಿವೆ. ಅವುಗಳಿಗೆ ಆಕ್ಷೇಪಣೆಯಿಲ್ಲವೆಂಬ ಪತ್ರವಾದ ಎನ್‌ಒಸಿ, ಕರ್ನಾಟಕದ ಜೀವಾವಧಿ ತೆರಿಗೆ, ಹೊಸ ಕೆಎ ನಂಬರ್ ಇವೆಲ್ಲವನ್ನೂ ಸೇರಿಸಿದ ಮೇಲೆಯೇ ಬೆಲೆ ಅಗ್ಗವೋ ಅಲ್ಲವೋ ಎಂದು ತೀರ್ಮಾನಿಸಿ. ಸಾಲದಲ್ಲಿ ಕೊಂಡ ಕಾರಾಗಿದ್ದರೆ, ಬ್ಯಾಂಕಿನ ಎನ್‌ಒಸಿ ಮತ್ತು ಸಾಲ ತೀರಿದ್ದನ್ನು ನೋಂದಣಿಯಲ್ಲಿ ದಾಖಲಿಸಲು ಬೇಕಾದ ಫಾರಂ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ.