ಗೀಜುಗಣ್ಣಿನ ಹಿಂದೆ ಕಣ್ಣೀರಿನ ಕೊರತೆ

ಕೇಳುಗರಿಗೆ ನಮಸ್ಕಾರ.

ಶಿಟ್ಜು, ಪಗ್, ಲಾಸಾ ಆಪ್ಸೊ ತರಹದ ಪುಟ್ಟ ನಾಯಿ ಸಾಕಿದವರು ನಮ್ಮ ಹತ್ತಿರ ಬಂದು ಮತ್ತೆ ಮತ್ತೆ ಹೇಳುವ ಮಾತೊಂದಿದೆ. "ಡಾಕ್ಟ್ರೇ, ಬೆಳಗ್ಗೆ ಎದ್ದರೆ ಕಣ್ಣು ತುಂಬ ಗೀಜು. ಡ್ರಾಪ್ಸ್ ಹಾಕಿದರೆ ಕಡಿಮೆಯಾಗುತ್ತೆ, ಬಿಟ್ಟರೆ ಮತ್ತೆ ಶುರು." ಇದನ್ನು ಕೇಳಿದ ಕೂಡಲೇ ಪಶುವೈದ್ಯರು ಬರೀ ಸೋಂಕು ಅಂದುಕೊಂಡು ಸುಮ್ಮನಾಗಬಾರದು. ಈ ನಾಯಿಗೆ ಕಣ್ಣೀರು ಸಾಕಷ್ಟು ಬರುತ್ತಿದೆಯಾ ಅಂತ ನೋಡಲೇಬೇಕು.

ಇಷ್ಟು ಅಂಟು ಇರುವ ಕಣ್ಣು ಒಣಗಿದೆ ಅಂದರೆ ನಂಬೋದು ಕಷ್ಟ, ಅಲ್ವಾ? ಕಣ್ಣೀರಿನಲ್ಲಿ ನೀರಿನ ಜೊತೆ ಲೋಳೆಯೂ ಎಣ್ಣೆಯೂ ಇರುತ್ತವೆ. ನೀರಿನ ಗ್ರಂಥಿಗಳು ಸೊರಗಿದಾಗ ಲೋಳೆ ತೊಳೆದುಹೋಗದೆ ಉಳಿಯುತ್ತದೆ. ಅದೇ ದಪ್ಪ ಗೀಜಾಗಿ ರೆಪ್ಪೆಗೆ ಮೆತ್ತಿಕೊಳ್ಳುತ್ತದೆ. ಹೆಚ್ಚಿನ ನಾಯಿಗಳಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಈ ಗ್ರಂಥಿಗಳ ಮೇಲೆ ತಿರುಗಿಬಿದ್ದಿರುತ್ತದೆ. ಸಾಕಿದವರು ಚೊಕ್ಕವಾಗಿ ನೋಡಿಕೊಳ್ಳಲಿಲ್ಲ ಅನ್ನೋದು ಕಾರಣವಲ್ಲ. ಆದರೆ ಹಾಗೇ ಬಿಟ್ಟರೆ ಕಣ್ಣಿನ ಹೊಳಪು ಹೋಗುತ್ತದೆ, ಮುಂಭಾಗದ ಪಾರದರ್ಶಕ ಪದರದ ಮೇಲೆ ಕಂದು ಬಣ್ಣ ಹಬ್ಬಿ ದೃಷ್ಟಿಯೇ ಮಂಕಾಗುತ್ತದೆ.

ಪತ್ತೆ ಮಾಡೋದು ಸುಲಭ. ಕೆಳರೆಪ್ಪೆಯ ಒಳಗೆ ಸಣ್ಣ ಕಾಗದದ ಪಟ್ಟಿಯೊಂದನ್ನು ಒಂದು ನಿಮಿಷ ಇಡುತ್ತಾರೆ. ಇದಕ್ಕೆ ಶಿರ್ಮರ್ ಪರೀಕ್ಷೆ ಅನ್ನುತ್ತಾರೆ. 15 ಮಿಲಿಮೀಟರ್ ಅಥವಾ ಜಾಸ್ತಿ ಒದ್ದೆಯಾದರೆ ಸರಿ. 10ಕ್ಕಿಂತ ಕಡಿಮೆಯಾಗಿ, ಜೊತೆಗೆ ಗೀಜು, ಕೆಂಪು ಇದ್ದರೆ ಒಣಗಣ್ಣು ಅಂತಲೇ ಹಿಡಿಯಬೇಕು. ನಿಮ್ಮ ನಾಯಿಗೆ ಈ ಪರೀಕ್ಷೆ ಆಗಿಲ್ಲದಿದ್ದರೆ ಸಂಕೋಚಪಡದೆ ಕೇಳಿ.

ಔಷಧಿ ಇದೆ. ಕಣ್ಣಿಗೆ ಹಾಕುವ ಸೈಕ್ಲೋಸ್ಪೋರಿನ್ ಅಥವಾ ಟ್ಯಾಕ್ರೋಲಿಮಸ್, ಸಾಮಾನ್ಯವಾಗಿ ದಿನಕ್ಕೆರಡು ಸಲ. ಜೊತೆಗೆ ಕಣ್ಣನ್ನು ಒದ್ದೆಯಾಗಿಡುವ ಕೃತಕ ಕಣ್ಣೀರು. ಫಲ ಕಾಣಲು ಕೆಲವು ವಾರಗಳೇ ಬೇಕು. ಕಣ್ಣು ತಿಳಿಯಾಯಿತು ಅಂತ ಔಷಧಿ ನಿಲ್ಲಿಸುವವರೇ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಬಹುತೇಕ ನಾಯಿಗಳಿಗೆ ಇದು ಜೀವನಪೂರ್ತಿ ಬೇಕಾಗುತ್ತದೆ. ಹಾಕುವ ಮುಂಚೆ ಕಾಯಿಸಿ ಆರಿಸಿದ ನೀರಲ್ಲಿ ಹತ್ತಿ ಅದ್ದಿ ಗೀಜನ್ನು ಮೆತ್ತಗೆ ನೆನೆಸಿ ತೆಗೆಯಿರಿ. ಗೀಜಿನ ಮೇಲೇ ಹಾಕಿದ ಔಷಧಿ ಕಣ್ಣಿಗೆ ತಲುಪುವುದಿಲ್ಲ. ಬಾಟಲಿಯನ್ನು ಮುಖದ ಎದುರಿಂದ ತಂದರೆ ನಾಯಿ ಹೆದರುತ್ತದೆ. ಮಡಿಲಲ್ಲಿ ಕೂರಿಸಿಕೊಂಡು ತಲೆಯ ಹಿಂದಿನಿಂದ ಕೈ ತನ್ನಿ. ಎರಡು ಔಷಧಿಗಳಿದ್ದರೆ ನಡುವೆ ಹತ್ತು ನಿಮಿಷ ಬಿಡಿ.

ಒಂದು ಮಾತನ್ನು ಒತ್ತಿ ಹೇಳಬೇಕು. ಮನೆಯಲ್ಲಿ ಉಳಿದ ಡ್ರಾಪ್ಸ್ ಹಾಕಲೇಬೇಡಿ. ಅದರಲ್ಲಿ ಸ್ಟೀರಾಯ್ಡ್ ಇರಬಹುದು. ಕಣ್ಣಲ್ಲಿ ಹುಣ್ಣಿದ್ದಾಗ ಸ್ಟೀರಾಯ್ಡ್ ಬಿದ್ದರೆ ಹುಣ್ಣು ಆಳವಾಗಿ ಕಣ್ಣೇ ಹೋಗಬಹುದು. ಒಣಗಣ್ಣಿನಲ್ಲಿ ಹುಣ್ಣಾಗೋದು ಅಪರೂಪವೇನಲ್ಲ. ನಾಯಿ ಕಣ್ಣು ಬಿಡಲಾರದೆ ಕಿರಿದು ಮಾಡಿದರೆ, ಕಾಲಿಂದ ಉಜ್ಜಿಕೊಂಡರೆ, ಕಣ್ಣಲ್ಲಿ ನೀಲಿ ಮಬ್ಬು ಕಂಡರೆ ಅವತ್ತೇ ತೋರಿಸಿ. ಹುಣ್ಣಿದ್ದರೆ ಫ್ಲೋರೆಸಿನ್ ಎಂಬ ಬಣ್ಣ ಹಾಕಿದಾಗ ಆ ಜಾಗ ಹಸಿರಾಗಿ ಕಾಣುತ್ತದೆ.

ಇನ್ನು ಚೆರ್ರಿ ಐ. ಮರಿಗಳ ಕಣ್ಣಿನ ಮೂಲೆಯಲ್ಲಿ ಕೆಂಪು ಗಂಟು ಹೊರಬರುತ್ತದಲ್ಲ, ಅದೂ ಕಣ್ಣೀರಿನ ಗ್ರಂಥಿಯೇ. ಕತ್ತರಿಸಿ ತೆಗೆದರೆ ಮುಂದೆ ಕಣ್ಣು ಒಣಗುವ ಅಪಾಯ ಹೆಚ್ಚು. ಸಾಧ್ಯವಾದಷ್ಟೂ ಒಳಗೇ ಕೂರಿಸಿ ಹೊಲಿಯಿಸಿ.

ನಿಮ್ಮೂರಲ್ಲಿ ಈ ಪರೀಕ್ಷೆಯ ಸೌಲಭ್ಯವಿಲ್ಲದಿದ್ದರೆ ಹೆಬ್ಬಾಳ, ಶಿವಮೊಗ್ಗ, ಹಾಸನ ಅಥವಾ ಬೀದರಿನ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ಹೋಗುವಾಗ ಈವರೆಗೆ ಹಾಕಿದ ಔಷಧಿಗಳನ್ನೆಲ್ಲ ಜೊತೆಗೆ ಒಯ್ಯಿರಿ. ಪರೀಕ್ಷೆಗೆ ಸ್ವಲ್ಪ ಮುಂಚೆ ಯಾವ ಡ್ರಾಪ್ಸೂ ಹಾಕಬೇಡಿ, ಅಳತೆ ತಪ್ಪುತ್ತದೆ. ನಮಸ್ಕಾರ.