ಗೌರವಧನ: ಕೊಡುವವರ ಮನಸ್ಸು, ಪಡೆಯುವವರ ಹಕ್ಕು

ಆತ್ಮೀಯ ಕೇಳುಗರಿಗೆ ನಮಸ್ಕಾರ.

ಉಡುಪಿ, ಮಂಗಳೂರಿನ ಆಸುಪಾಸಿನಲ್ಲಿ, ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆ ಮುಗಿದು ಭಾಗವತರು ಮಂಗಳ ಹಾಡಿದ ಬಳಿಕ, ವ್ಯವಸ್ಥಾಪಕರು ಹರಿವಾಣದಲ್ಲಿ ವೀಳ್ಯದೆಲೆ, ಅಡಿಕೆ ಇಟ್ಟು, ಅದರ ಜೊತೆಗೆ ಗೌರವಧನದ ಒಂದು ಲಕೋಟೆಯನ್ನಿರಿಸಿ, ಪಾತ್ರಗಳಾಗಿ ಮಾತನಾಡಿದ ಅರ್ಥಧಾರಿಗಳಿಗೆ ಒಪ್ಪಿಸುವುದನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಲಕೋಟೆಯನ್ನು ಅಲ್ಲಿಯೇ ಬಿಡಿಸಿ ಎಣಿಸುವ ಪದ್ಧತಿಯಿಲ್ಲ. ಕರ್ಣನಾಗಿಯೋ ವಾಲಿಯಾಗಿಯೋ ಗಂಟೆಗಟ್ಟಲೆ ವಾದಿಸಿದ ವಿದ್ವತ್ತಿಗೆ ಬೆಲೆ ಕಟ್ಟಲಾಗದು, ಸಲ್ಲಿಸಬಹುದಾದದ್ದು ಗೌರವ ಮಾತ್ರ ಎಂಬ ತಿಳಿವಳಿಕೆ ಆ ಕ್ರಮದ ಹಿಂದಿದೆ. ಈಗೀಗ ಮೊತ್ತವನ್ನು ಮೊದಲೇ ಮಾತಾಡಿಕೊಳ್ಳುವುದೂ ಉಂಟು. ಕಲೆಯನ್ನೇ ನಂಬಿ ಬದುಕುವವರ ಮಟ್ಟಿಗೆ ಅದರಲ್ಲಿ ತಪ್ಪೇನೂ ಇಲ್ಲವೆಂದು ನಾನು ತಿಳಿದಿದ್ದೇನೆ.

ಈ ಭಾವನೆ ಬಹಳ ಹಳೆಯದು. ಮನುಸ್ಮೃತಿಯು ಸಂಬಳಕ್ಕಾಗಿ ವೇದ ಕಲಿಸುವವನನ್ನು ನಿಂದಿಸಿ, ವಿದ್ಯೆ ಮುಗಿದ ಮೇಲೆ ಶಿಷ್ಯನು ಶಕ್ತ್ಯನುಸಾರ ಸಲ್ಲಿಸುವ ಗುರುದಕ್ಷಿಣೆಯನ್ನು ಒಪ್ಪುತ್ತದೆ. ರೋಮಿನಲ್ಲಿಯೂ, ಕ್ರಿ.ಪೂ. 204ರ ಒಂದು ಕಾನೂನು, ನ್ಯಾಯಾಲಯದಲ್ಲಿ ಇನ್ನೊಬ್ಬರ ಪರವಾಗಿ ವಾದಿಸುವವರು ಅದಕ್ಕಾಗಿ ಹಣವನ್ನಾಗಲಿ ಕಾಣಿಕೆಯನ್ನಾಗಲಿ ಪಡೆಯಬಾರದೆಂದು ವಿಧಿಸಿತ್ತು. ಆದರೆ ವಕೀಲನಿಗೂ ಹೊಟ್ಟೆಯಿದೆಯಲ್ಲ! ಕಾನೂನಿನ ಕಣ್ಣು ತಪ್ಪಿಸಿ ಹಣ ಕೈ ಬದಲಾಗುತ್ತಲೇ ಇತ್ತು. ಕೊನೆಗೆ ಕ್ರಿ.ಶ. 47ರಲ್ಲಿ ಚಕ್ರವರ್ತಿ ಕ್ಲಾಡಿಯಸ್, 10,000 ಸೆಸ್ಟರ್ಸ್ ನಾಣ್ಯಗಳ ಮಿತಿಯೊಳಗೆ ಅದಕ್ಕೆ ಅನುಮತಿ ನೀಡಿದನು.

ಇಂಗ್ಲೆಂಡಿನ ಬ್ಯಾರಿಸ್ಟರುಗಳ ಶುಲ್ಕವೂ ಕಾನೂನಿನ ದೃಷ್ಟಿಯಲ್ಲಿ ಗೌರವಧನವೇ ಆಗಿತ್ತು. ಕಕ್ಷಿದಾರನು ಕೊಡದೆ ಹೋದರೆ ಬ್ಯಾರಿಸ್ಟರು ದಾವೆ ಹೂಡಿ ವಸೂಲು ಮಾಡುವಂತಿಲ್ಲವೆಂದು 1863ರಲ್ಲಿ ಅಲ್ಲಿನ ನ್ಯಾಯಾಲಯ ಸ್ಪಷ್ಟವಾಗಿ ತೀರ್ಪಿತ್ತಿತು. ಆ ನಿರ್ಬಂಧ ಕಾಯಿದೆಯ ಮೂಲಕ ತೊಲಗಿದ್ದು 1990ರಲ್ಲಿ. ನಮ್ಮ ದೇಶದಲ್ಲಿ 1926ರ ಕಾಯಿದೆಯೇ ವಕೀಲರಿಗೆ ಶುಲ್ಕಕ್ಕಾಗಿ ದಾವೆ ಹೂಡುವ ಹಕ್ಕನ್ನು ಕೊಟ್ಟಿತ್ತು.

ಹೀಗೆ ಗೌರವಧನದಲ್ಲಿ ಮರ್ಯಾದೆಯೂ ಇದೆ, ಕೇಳಿ ಪಡೆಯುವ ಹಕ್ಕಿಲ್ಲವೆಂಬ ಕೊರತೆಯೂ ಇದೆ. ಬೇರೆ ಆದಾಯವುಳ್ಳ ವಿದ್ವಾಂಸರು ಒಂದು ದಿನ ಬಂದು ಉಪನ್ಯಾಸ ನೀಡಿದಾಗ ಆ ಕೊರತೆ ಬಾಧಿಸದು. ಆದರೆ ದಿನವೂ ಬೆಳಿಗ್ಗೆ ಕೇಂದ್ರದ ಬಾಗಿಲು ತೆರೆದು, ಮಕ್ಕಳಿಗೆ ಉಣಬಡಿಸಿ, ತೂಕ ನೋಡಿ ದಾಖಲಿಸಿ, ಗರ್ಭಿಣಿಯರ ಮನೆಗಳಿಗೂ ಹೋಗಿಬರುವ ಅಂಗನವಾಡಿ ಕಾರ್ಯಕರ್ತೆಗೆ ತಿಂಗಳ ಕೊನೆಯಲ್ಲಿ ಸಿಗುವ ಹಣವನ್ನೂ ನಾವು ಗೌರವಧನವೆಂದೇ ಕರೆಯುತ್ತಿದ್ದೇವೆ. ಇದು ನನಗೆ ಸರಿ ಕಾಣುವುದಿಲ್ಲ. ಹಾಜರಿ ಕಡ್ಡಾಯ, ಕೆಲಸ ನಿಗದಿತ, ಮೇಲಧಿಕಾರಿಗಳ ತಪಾಸಣೆಯೂ ಉಂಟು ಎಂದ ಮೇಲೆ ಅದು ದುಡಿಮೆ. ದುಡಿಮೆಗೆ ಸಲ್ಲಬೇಕಾದದ್ದು ವೇತನ. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಇವರಿಗೆ ಸಂದಾಯವಾಗುವ ಗೌರವಧನವು ಗ್ರಾಚ್ಯುಟಿ ಕಾಯಿದೆಯ ಅರ್ಥದಲ್ಲಿ ವೇತನವೇ ಎಂದು ಹೇಳಿ, ಅಂಗನವಾಡಿ ಕಾರ್ಯಕರ್ತೆಯರೂ ಸಹಾಯಕಿಯರೂ ಗ್ರಾಚ್ಯುಟಿಗೆ ಅರ್ಹರೆಂದು ತೀರ್ಪು ನೀಡಿತು.

ನಮಸ್ಕಾರ.